ಓದುಗರ ಪ್ರಶ್ನೆ: ಗ್ಯೊಂಗ್‌ಜು ಊರಿನಲ್ಲಿ ಮನೆಮಂದಿಯ ಸೈಕಲ್ ಸುತ್ತು

ದಕ್ಷಿಣ ಕೊರಿಯಾದ ಆಗ್ನೇಯ ಮೂಲೆಯಲ್ಲಿರುವ ಗ್ಯೊಂಗ್‌ಜು, ಸಾಂಪ್ರದಾಯಿಕ ಲೆಕ್ಕದಂತೆ ಕ್ರಿ.ಪೂ. 57ರಿಂದ ಕ್ರಿ.ಶ. 935ರವರೆಗೆ ಸಿಲ್ಲಾ ಅರಸರ ರಾಜಧಾನಿ. ಅಲ್ಲಿ ಮಕ್ಕಳು, ಹಿರಿಯರೊಂದಿಗೆ ಒಂದು ದಿನ ಸೈಕಲ್ ಮೇಲೆ ಸುತ್ತುವ ಕುರಿತು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿದ್ದೇವೆ.

ಪ್ರಶ್ನೆ: ನಾವು ನಾಲ್ವರು. ಮಗಳಿಗೆ 11 ವರ್ಷ, ಮಗನಿಗೆ 6. ಬುಸಾನ್‌ನಲ್ಲಿ ಉಳಿದುಕೊಂಡು ಒಂದೇ ದಿನದಲ್ಲಿ ಗ್ಯೊಂಗ್‌ಜು ನೋಡಿ ಮುಗಿಸಬಹುದೇ? ಯಾವುದು ಮೊದಲು, ಯಾವುದು ಆಮೇಲೆ? – ಬಳ್ಳಾರಿ

ಊರು ಮುಗಿಯುವುದಿಲ್ಲ. ಹಳೆಯ ರಾಜಧಾನಿಯ ನಡುಭಾಗ ಮಾತ್ರ ಒಂದು ದಿನಕ್ಕೆ ಹದವಾಗಿ ಒಗ್ಗುತ್ತದೆ. ಗೋರಿದಿಬ್ಬಗಳು, ನಕ್ಷತ್ರ ವೀಕ್ಷಣೆಯ ಗೋಪುರ, ಅರಮನೆಯ ಕೊಳ, ವಸ್ತುಸಂಗ್ರಹಾಲಯ, ಎರಡು ಬೌದ್ಧ ನೆಲೆ, ಇಷ್ಟೂ ಒಂದಕ್ಕೊಂದು ಕೂಗಳತೆಯಲ್ಲಿವೆ. ನೆಲ ಬಹುತೇಕ ಸಮತಟ್ಟು. ಪೂರ್ತಿ ಸುತ್ತಿದರೂ 8ರಿಂದ 10 ಕಿ.ಮೀ. ಮೀರುವುದಿಲ್ಲ. ಈ ವೃತ್ತದಿಂದ ಆಚೆ ಕಾಲಿಟ್ಟರೆ ಲೆಕ್ಕ ತಪ್ಪುತ್ತದೆ. ಬುಲ್‌ಗುಕ್‌ಸಾ ದೇವಾಲಯದ ಪ್ರಶ್ನೆ ಮುಂದೆ ಬರುತ್ತದೆ, ಅಲ್ಲಿ ಹೇಳುತ್ತೇವೆ.

ಬುಸಾನ್‌ನಿಂದ ಬರುವಾಗ ರೈಲೋ ಬಸ್ಸೋ ಎಂದರೆ ನಮ್ಮ ಮತ ಬಸ್ಸಿಗೆ. ವೇಗದ ಕೆಟಿಎಕ್ಸ್ ರೈಲು ಅರ್ಧ ಗಂಟೆಯಲ್ಲಿ ತಂದು ಬಿಡುತ್ತದೆ ನಿಜ. ಆದರೆ ಆ ನಿಲ್ದಾಣ ಊರಿನ ನಡುಭಾಗದಿಂದ ಸುಮಾರು 10 ಕಿ.ಮೀ. ದೂರ; ಅಲ್ಲಿಂದ ಮತ್ತೆ ಸಿಟಿ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕು. ಬುಸಾನ್‌ನ ನೋಪೊ ಬಸ್ ನಿಲ್ದಾಣದಿಂದ ಹೊರಡುವ ಅಂತರನಗರ ಬಸ್ಸು ಒಂದು ಗಂಟೆಯ ಆಸುಪಾಸಿನಲ್ಲಿ ನೇರ ಊರೊಳಗೇ ಇಳಿಸುತ್ತದೆ. ದೇಶದ ಈಗಿನ ರಾಜಧಾನಿ ಸೋಲ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆಯಿದ್ದವರು ಅದನ್ನು ಕೈಬಿಡಿ. ರೈಲೊಂದಕ್ಕೇ ಒಂದು ದಿಕ್ಕಿಗೆ ಎರಡು ಗಂಟೆ ಹಿಡಿಯುತ್ತದೆ, ಆರು ವರ್ಷದ ಮಗುವಿಗೆ ಅದು ಶಿಕ್ಷೆ.

ಸೈಕಲ್ ಬಾಡಿಗೆ ಅಂಗಡಿಗಳು ಬಸ್ ನಿಲ್ದಾಣದ ಹತ್ತಿರವೂ ಇವೆ, ದೇರುಂಗ್‌ವೊನ್ ಗೋರಿ ಉದ್ಯಾನದ ಸುತ್ತಲೂ ಇವೆ. ಮಕ್ಕಳಿದ್ದರೆ ನಿಲ್ದಾಣದ ಎದುರಿನ ವಾಹನ ದಟ್ಟಣೆಯ ರಸ್ತೆಯಲ್ಲಿ ಸವಾರಿ ಆರಂಭಿಸಬೇಡಿ. ಸುಮಾರು ಒಂದು ಕಿ.ಮೀ. ನಡೆದು ಉದ್ಯಾನದ ಕಡೆಯ ಅಂಗಡಿಯಲ್ಲಿ ಸೈಕಲ್ ತೆಗೆದುಕೊಳ್ಳಿ.

ಬೆಳಿಗ್ಗೆ 9ಕ್ಕೆ ದೇರುಂಗ್‌ವೊನ್. ಒಳಗೆ ಸೈಕಲ್ ಬಿಡುವುದಿಲ್ಲ, ಬಾಗಿಲಲ್ಲಿ ಬೀಗ ಹಾಕಿ ನಡೆದೇ ನೋಡಬೇಕು. 2023ರ ಮೇ ತಿಂಗಳಿಂದ ಉದ್ಯಾನಕ್ಕೆ ಪ್ರವೇಶ ಉಚಿತ. ಅದರೊಳಗಿನ ಚೊನ್‌ಮಾಚೊಂಗ್ ಗೋರಿಗೆ ಮಾತ್ರ ದೊಡ್ಡವರಿಗೆ 3,000 ವಾನ್, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಸಾವಿರ ವಾನ್‌ಗೆ ಅರವತ್ತು ರೂಪಾಯಿಯಂತೆ ಲೆಕ್ಕ ಹಾಕಿಕೊಂಡರೆ ಅಂದಾಜು ಸಿಗುತ್ತದೆ. ಗಂಟೆ, ಗಂಟೆಕಾಲು ಸಾಕು. ಹೊತ್ತೇರಿದ ಮೇಲೆ ಹೋದರೆ ಗೋರಿಯೊಳಗಿನ ಇಕ್ಕಟ್ಟಾದ ದಾರಿಯಲ್ಲಿ ಸಾಲು ನಿಲ್ಲಬೇಕಾಗುತ್ತದೆ. ಇದನ್ನೇ ಮೊದಲು ನೋಡಿ ಎನ್ನುವುದು ಅದಕ್ಕೆ.

ಅಲ್ಲಿಂದ ರಸ್ತೆ ದಾಟಿದರೆ ಚೊಮ್‌ಸೊಂಗ್‌ದೇ ಬಯಲು. ರಾಣಿ ಸೊನ್‌ದೊಕ್ 632ರಿಂದ 647ರವರೆಗೆ ಆಳಿದವಳು; ಅವಳ ಕಾಲದ ಈ ಕಲ್ಲಿನ ಗೋಪುರದ ಎತ್ತರ 9 ಮೀಟರ್‌ಗಿಂತ ತುಸು ಹೆಚ್ಚು. ಹತ್ತಿರ ಹೋದವರು ‘ಇಷ್ಟೇನಾ?’ ಅನ್ನುವುದುಂಟು. ಮಗಳಿಗೆ ಒಂದು ಕೆಲಸ ಕೊಡಿ: ಬುಡದ ಚೌಕ ಬಿಟ್ಟು, ದುಂಡನೆಯ ಮೈಯಲ್ಲಿ ಕಲ್ಲಿನ ಸಾಲು ಎಷ್ಟಿವೆ ಎಣಿಸಲಿ. 27 ಬರಬೇಕು. ಸೊನ್‌ದೊಕ್ ಸಿಲ್ಲಾ ವಂಶದ 27ನೇ ದೊರೆ. ಬೇಕೆಂದೇ ಹೊಂದಿಸಿದ್ದೋ ಅಲ್ಲವೋ ಎಂಬ ವಾದ ವಿದ್ವಾಂಸರಿಗೆ ಬಿಟ್ಟದ್ದು, ಎಣಿಸುವುದರಲ್ಲಿ ಮಕ್ಕಳಿಗೆ ಹತ್ತು ನಿಮಿಷ ಕಳೆಯುತ್ತದೆ.

ಈ ಬಯಲಿನ ದಾರಿಗಳೇ ಇಡೀ ದಿನದಲ್ಲಿ ಸೈಕಲ್‌ಗೆ ಅತ್ಯಂತ ಹಿತವಾದ ಭಾಗ. ದಕ್ಷಿಣಕ್ಕೆ ಗ್ಯೇರಿಮ್ ತೋಪು, ಅದನ್ನು ದಾಟಿದರೆ ಹೆಂಚಿನ ಮನೆಗಳ ಗ್ಯೊಚೊನ್ ಹಳ್ಳಿ, ಅದರ ಅಂಚಿನಲ್ಲಿ ನಾಮ್‌ಚೊನ್ ಹೊಳೆಯ ಮೇಲೆ ವೊಲ್‌ಜೊಂಗ್‌ಗ್ಯೊ ಸೇತುವೆ. ಈ ಸೇತುವೆ ಮೊದಲು ಕಟ್ಟಿದ್ದು 760ರಲ್ಲಿ. ಈಗ ಕಾಣುವುದು 2018ರಲ್ಲಿ ಪೂರ್ಣಗೊಂಡ ಮರುನಿರ್ಮಾಣ. ಸೇತುವೆಯ ಮೇಲೆ ಸೈಕಲ್ ಓಡಿಸುವಂತಿಲ್ಲ. ಊಟ ಈ ಭಾಗದಲ್ಲೇ, 12 ಗಂಟೆಗೆ ಮುಂಚೆ. ಒಂದು ಗಂಟೆಯಾದರೆ ಒಳ್ಳೆಯ ಊಟದ ಮನೆಗಳ ಮುಂದೆ ಕಾಯುವವರ ಸಾಲು.

ಮಧ್ಯಾಹ್ನದ ಬಿಸಿಲನ್ನು ವಸ್ತುಸಂಗ್ರಹಾಲಯದ ನೆರಳಲ್ಲಿ ಕಳೆಯಿರಿ. ಗ್ಯೊಂಗ್‌ಜು ರಾಷ್ಟ್ರೀಯ ವಸ್ತುಸಂಗ್ರಹಾಲಯದ ಕಾಯಂ ಪ್ರದರ್ಶನ ಉಚಿತ, ಬೆಳಿಗ್ಗೆ 10ರಿಂದ ಸಂಜೆ 6. ಚಿನ್ನದ ಕಿರೀಟ ಇರುವ ವಿಭಾಗಕ್ಕೆ ಮೊದಲು ಹೋಗಿ. ಅಂಗಳದಲ್ಲಿ 771ರಲ್ಲಿ ಎರಕ ಹೊಯ್ದ ಸೊಂಗ್‌ದೊಕ್ ದೊರೆಯ ಕಂಚಿನ ಗಂಟೆ ಇದೆ: ತೂಕ 18.9 ಟನ್. ಈಗ ಅದನ್ನು ದಿನನಿತ್ಯ ಬಡಿಯುವುದಿಲ್ಲ, ಧ್ವನಿಮುದ್ರಣ ಕೇಳಿಸುತ್ತಾರೆ. ಎರಕ ಕೂಡಿ ಬರಲೆಂದು ಒಂದು ಮಗುವನ್ನು ಕಂಚಿಗೆ ಬಲಿ ಕೊಟ್ಟರೆಂಬ ಐತಿಹ್ಯ ಆ ಗಂಟೆಗಿದೆ. ಆರು ವರ್ಷದವನಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟಿದ್ದು.

ಮೂರು ಗಂಟೆಯ ನಂತರ ಉತ್ತರಕ್ಕೆ ಒಂದು ಕಿ.ಮೀ. ಚಿಲ್ಲರೆ ಹೋದರೆ ಹ್ವಾಂಗ್‌ನ್ಯೊಂಗ್‌ಸಾ ಬಯಲು. 645ರಲ್ಲಿ ಇಲ್ಲಿ ಎದ್ದ ಒಂಬತ್ತು ಅಂತಸ್ತಿನ ಮರದ ಗೋಪುರ ಸುಮಾರು 80 ಮೀಟರ್ ಎತ್ತರವಿತ್ತು. 1238ರಲ್ಲಿ ಮಂಗೋಲರ ದಾಳಿಯಲ್ಲಿ ಸುಟ್ಟುಹೋಯಿತು. ಉಳಿದದ್ದು ಕಂಬದ ಕಲ್ಲುಗಳು ಮಾತ್ರ. ಹಂಪಿಯ ಅರಮನೆ ಆವರಣದ ಬರೀ ಅಡಿಪಾಯಗಳನ್ನು ನೋಡಿ ಅಭ್ಯಾಸವಿರುವ ನಮ್ಮ ಕಡೆಯವರಿಗೆ ಇಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಪಕ್ಕದಲ್ಲೇ ಬುನ್‌ಹ್ವಾಂಗ್‌ಸಾ. 634ರ ಈ ಗುಡಿಯ ಗೋಪುರ ನೋಡಲು ಇಟ್ಟಿಗೆಯದು, ನಿಜದಲ್ಲಿ ಇಟ್ಟಿಗೆಯಂತೆ ಕಡಿದ ಕಲ್ಲಿನದು. ಮೂರು ಅಂತಸ್ತು ಉಳಿದಿವೆ.

ಅಂಗಡಿ ಮುಚ್ಚುವ ಹೊತ್ತನ್ನು ಬೆಳಿಗ್ಗೆಯೇ ಕೇಳಿಟ್ಟುಕೊಂಡು, ಅದಕ್ಕೆ ಅರ್ಧ ಗಂಟೆ ಮೊದಲೇ ಸೈಕಲ್ ಒಪ್ಪಿಸಿ. ದೊಂಗ್‌ಗುಂಗ್ ಅರಮನೆ ಮತ್ತು ವೊಲ್‌ಜಿ ಕೊಳವನ್ನು ಕತ್ತಲಾದ ಮೇಲೆ, ನಡೆದುಕೊಂಡು ಹೋಗಿ ನೋಡುವುದೇ ಸರಿ. 674ರಲ್ಲಿ ತೋಡಿದ ಕೊಳ ಅದು, ರಾತ್ರಿ 10ರವರೆಗೆ ತೆರೆದಿರುತ್ತದೆ, ದೊಡ್ಡವರಿಗೆ 3,000 ವಾನ್. ದೀಪದ ಬೆಳಕಿಗೆ ಬರುವ ಜನಜಂಗುಳಿಯಲ್ಲಿ ಸೈಕಲ್ ನಿಲ್ಲಿಸುವ ಜಾಗ ಹುಡುಕುವ ಕಷ್ಟ ಬೇಡ. ಬುಸಾನ್‌ಗೆ ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಹೊರಡಿ. ಆದರೆ ಒಂದು ರಾತ್ರಿ ಗ್ಯೊಂಗ್‌ಜುವಿನಲ್ಲೇ ಉಳಿಯುವುದು ಜಾಣತನ.

ಪ್ರಶ್ನೆ: ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಏನೇನು ನೋಡಬೇಕು? ಮಗುವಿಗೆ ಹಿಂದಿನ ಸೀಟು ಸಾಕೇ? ಜೋಡಿ ಸೈಕಲ್ ಹೇಗೆ? – ಸಿಂಧನೂರು

ಬ್ರೇಕಿನಿಂದ ಶುರು ಮಾಡಿ. ನಮ್ಮ ಸೈಕಲ್‌ಗಳಲ್ಲಿ ಬಲಗೈ ಹಿಡಿಕೆ ಮುಂದಿನ ಚಕ್ರಕ್ಕೆ, ಎಡಗೈ ಹಿಂದಿನದಕ್ಕೆ. ಕೊರಿಯಾದ ಹೆಚ್ಚಿನ ಸೈಕಲ್‌ಗಳಲ್ಲಿ ಇದು ಅದಲುಬದಲು. ಹಿಂದಿನ ಬ್ರೇಕೆಂದು ನಂಬಿ ಎಡಗೈಯನ್ನು ಗಟ್ಟಿಯಾಗಿ ಒತ್ತಿದರೆ ಮುಂದಿನ ಚಕ್ರ ನಿಂತು, ಸವಾರ ಹ್ಯಾಂಡಲ್ ದಾಟಿ ಮುಂದೆ ಬೀಳುತ್ತಾನೆ. ಇಳಿಜಾರಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಆದ್ದರಿಂದ ಅಂಗಡಿ ಮುಂದೆಯೇ ಸೈಕಲ್ ತಳ್ಳಿಕೊಂಡು ಒಂದೊಂದೇ ಹಿಡಿಕೆ ಒತ್ತಿ ಯಾವ ಚಕ್ರ ನಿಲ್ಲುತ್ತದೆ ನೋಡಿ, ಮಕ್ಕಳ ಕೈಯಲ್ಲೂ ಒತ್ತಿಸಿ. ಆಮೇಲೆ ದಿನವಿಡೀ ಎರಡೂ ಕೈಯನ್ನು ಒಟ್ಟಿಗೆ, ಮೆಲ್ಲಗೆ ಒತ್ತುವ ರೂಢಿ ಇಟ್ಟುಕೊಂಡರೆ ಯಾವುದು ಯಾವುದೆಂಬ ಗೊಂದಲವೇ ಇರದು. ಪೂರ್ತಿ ಒತ್ತಿದಾಗಲೂ ಹಿಡಿಕೆಗೂ ಹ್ಯಾಂಡಲ್ಲಿಗೂ ನಡುವೆ ಎರಡು ಬೆರಳಿನ ಜಾಗ ಉಳಿಯಬೇಕು. ಹ್ಯಾಂಡಲ್ಲಿಗೆ ತಾಗಿದರೆ ತಂತಿ ಸಡಿಲವಾಗಿದೆ ಎಂದರ್ಥ, ಬೇರೆ ಸೈಕಲ್ ಕೇಳಿ.

ಸೀಟಿನ ಎತ್ತರಕ್ಕೆ ಸುಲಭದ ಅಳತೆ: ಕುಳಿತು, ಪೆಡಲನ್ನು ತೀರ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಬಹಳ ದಿನದ ಮೇಲೆ ಸೈಕಲ್ ಹತ್ತುವವರು ಇದಕ್ಕಿಂತ ಎರಡು ಬೆರಳು ತಗ್ಗಿಸಿ, ಎರಡೂ ಕಾಲಿನ ತುದಿ ನೆಲಕ್ಕೆ ತಾಗುವಂತೆ ಇಟ್ಟುಕೊಳ್ಳಲಿ. ಟಯರನ್ನು ಹೆಬ್ಬೆರಳಿನಿಂದ ಅದುಮಿ ನೋಡಿ. ಮೆತ್ತಗಿದ್ದರೆ ಗಾಳಿ ಹಾಕಿಸಿ. ಗಾಳಿ ಕಡಿಮೆಯಿರುವ ಟಯರ್ ಪಾದಚಾರಿ ದಾರಿಯ ಅಂಚು ಹತ್ತುವಾಗ ರಿಮ್ಮಿಗೆ ಬಡಿದು, ಟ್ಯೂಬು ಅವೆರಡರ ನಡುವೆ ಸಿಕ್ಕಿ ತೂತಾಗುತ್ತದೆ. ಚಕ್ರ ಹಾಗೂ ಸೀಟನ್ನು ಬಿಚ್ಚುವ ಲಿವರ್ ಪೂರ್ತಿ ಮುಚ್ಚಿದೆಯೇ ನೋಡಿ. ಮೊದಲೇ ಇದ್ದ ಗೀಚು, ನೆಗ್ಗುಗಳ ಫೋಟೊ ಅಂಗಡಿಯವರ ಎದುರೇ ತೆಗೆದುಕೊಳ್ಳಿ.

ಮಕ್ಕಳ ಹಿಂದಿನ ಸೀಟುಗಳ ಮಿತಿ ಸಾಮಾನ್ಯವಾಗಿ 22 ಕೆ.ಜಿ. ಸೀಟಿನ ಮೇಲೆ ಬರೆದಿರುತ್ತದೆ. ಐದು ವರ್ಷದೊಳಗಿನವರಿಗೆ ಸರಿ. ಆರು ವರ್ಷದ ಮಗು ಗಡಿಯಲ್ಲಿರುತ್ತದೆ, ತೂಕ ನೋಡಿಯೇ ತೀರ್ಮಾನಿಸಿ. ಸೊಂಟದ ಪಟ್ಟಿಗಿಂತಲೂ ಪಾದದ ಪಟ್ಟಿಯ ಮೇಲೆ ಕಣ್ಣಿಡಿ: ಹಿಂದಿನ ಸೀಟಿನ ಗಾಯಗಳಲ್ಲಿ ಕಡ್ಡಿಗಳ ನಡುವೆ ಪಾದ ಸಿಕ್ಕಿಕೊಳ್ಳುವುದೇ ಕೆಟ್ಟದ್ದು. ಮಗುವನ್ನು ಕೂರಿಸಿ ಸ್ಟ್ಯಾಂಡ್ ನಂಬಿ ಕೈ ಬಿಡಲೇಬೇಡಿ. ತೂಕ ಮೇಲೆ ಇರುವುದರಿಂದ ಸೈಕಲ್ ಮಗ್ಗುಲಿಗೆ ಉರುಳುತ್ತದೆ. ಒಬ್ಬರು ಹ್ಯಾಂಡಲ್ ಮತ್ತು ಎರಡೂ ಬ್ರೇಕು ಹಿಡಿದಿರಬೇಕು, ಇನ್ನೊಬ್ಬರು ಕೂರಿಸಬೇಕು. ಮಗುವನ್ನು ಕೊನೆಯಲ್ಲಿ ಹತ್ತಿಸಿ, ಮೊದಲು ಇಳಿಸಿ.

ಸ್ವಂತವಾಗಿ ಓಡಿಸುವ ಮಗುವಿಗೆ ಎತ್ತರ 115 ಸೆಂ.ಮೀ. ದಾಟಿದ್ದರೆ 20 ಇಂಚಿನ ಚಕ್ರ, 130 ದಾಟಿದ್ದರೆ 24 ಇಂಚಿನದು. ಚಿಕ್ಕ ಸೈಕಲ್‌ಗಳು ಅಂಗಡಿಯಲ್ಲಿ ಕಡಿಮೆ ಇರುತ್ತವೆ, ಶನಿವಾರ–ಭಾನುವಾರ ಮೊದಲು ಖಾಲಿಯಾಗುವುದೇ ಅವು. ಬೆಳಿಗ್ಗೆ ಬೇಗ ಹೋಗಿ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಕಾರಣ. ಆ್ಯಪ್‌ನಿಂದ ಬೀಗ ತೆಗೆಯುವ ಸಾರ್ವಜನಿಕ ಸೈಕಲ್‌ಗಳು ದೊಡ್ಡವರ ಅಳತೆಯವು, ಮಗುವಿರುವ ಕುಟುಂಬಕ್ಕೆ ಉಪಯೋಗವಿಲ್ಲ.

ಇಬ್ಬರು ಕೂರುವ ಜೋಡಿ ಸೈಕಲ್ ಎಲ್ಲ ಕಡೆ ಸಿಗುತ್ತದೆ, ಫೋಟೊದಲ್ಲಿ ಚೆಂದ. ಆದರೆ ತಿರುಗಲು ದೊಡ್ಡ ಜಾಗ ಬೇಕು, ನಿಲ್ಲಲು ಹೆಚ್ಚು ದೂರ ಬೇಕು. ಭಾರದವರು, ಸವಾರಿ ಬಲ್ಲವರು ಮುಂದೆ ಕೂರಬೇಕು. ಹಿಂದಿನವರಿಗೆ ಹ್ಯಾಂಡಲ್ ಹಿಡಿಯುವುದಷ್ಟೇ, ತಿರುಗಿಸುವ ಅಧಿಕಾರವಿಲ್ಲ. ಗಂಡಹೆಂಡಿರ ಜಗಳ ಶುರುವಾಗುವುದು ಇಲ್ಲೇ. ಹೊರಡುವಾಗ ಬಲಗಡೆಯ ಪೆಡಲ್ ಮೇಲಿಟ್ಟು ‘ಒಂದು, ಎರಡು, ಮೂರು’ ಎಂದು ಹೇಳಿ ಇಬ್ಬರೂ ಒಟ್ಟಿಗೆ ತುಳಿಯಬೇಕು. ಪೆಡಲಿಗೆ ಕಾಲು ಎಟುಕದ ಮಗುವನ್ನು ಹಿಂದೆ ಕೂರಿಸಬೇಡಿ. ಪೆಡಲುಗಳು ತಾವಾಗಿಯೇ ತಿರುಗುತ್ತ ಮೊಣಕಾಲ ಕೆಳಗೆ ಬಡಿಯುತ್ತವೆ.

ಬಟ್ಟೆಯ ವಿಷಯ. ಗ್ಯೊಂಗ್‌ಜುವಿನಲ್ಲಿ ಹಾನ್‌ಬೊಕ್ ಎಂಬ ಸಾಂಪ್ರದಾಯಿಕ ಉಡುಪು ಬಾಡಿಗೆಗೆ ಸಿಗುತ್ತದೆ, ಹೆಣ್ಣುಮಕ್ಕಳಿಗೆ ಆಸೆ ಹುಟ್ಟುವುದು ಸಹಜ. ಆದರೆ ಅದರ ಅಗಲ ಲಂಗ ನೇರ ಚೈನಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸೀರೆಯ ಸೆರಗು, ದುಪಟ್ಟಾಗಳದೂ ಅದೇ ಕಥೆ. ಸೈಕಲ್ ಒಪ್ಪಿಸಿದ ಮೇಲೆ ಸಂಜೆ ಹಾನ್‌ಬೊಕ್ ತೊಟ್ಟು ಕೊಳಕ್ಕೆ ಹೋಗಲಿ.

ಬಾಡಿಗೆಗೆ ತಲೆಗೊಂದು ದಿನಕ್ಕೆ 10,000ದಿಂದ 15,000 ವಾನ್ ಎತ್ತಿಡಿ. ಗಂಟೆ ಲೆಕ್ಕವೋ ದಿನದ ಲೆಕ್ಕವೋ ಮೊದಲೇ ಕೇಳಿ. ಗುರುತಿಗೆ ಪಾಸ್‌ಪೋರ್ಟ್ ಕೇಳಿದರೆ ತೋರಿಸಿ, ಫೋಟೊ ತೆಗೆದುಕೊಳ್ಳಲು ಬಿಡಿ. ಮೂಲ ಪಾಸ್‌ಪೋರ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ಪ್ರಶ್ನೆ: ಅಲ್ಲಿ ಬಲಬದಿಯ ಸಂಚಾರ. ಕಾಲೇಜು ಬಿಟ್ಟ ಮೇಲೆ ನಾವು ಸೈಕಲ್ ಮುಟ್ಟಿಲ್ಲ. ಊರಲ್ಲೇ ಹೇಗೆ ಅಭ್ಯಾಸ ಮಾಡಬೇಕು? ಅಲ್ಲಿನ ನಿಯಮಗಳೇನು? – ಗಂಗಾವತಿ

ಅಭ್ಯಾಸಕ್ಕೆ ನಿಮಗಿಂತ ಅದೃಷ್ಟವಂತರಿಲ್ಲ, ಆನೆಗುಂದಿ ಪಕ್ಕದಲ್ಲೇ ಇದೆ. ಬೆಳಿಗ್ಗೆ ಆರೂವರೆಗೆ ಆನೆಗುಂದಿಯಿಂದ ಸಾಣಾಪುರದ ಕಡೆ ಐದು ಕಿ.ಮೀ. ಹೋಗಿ ತಿರುಗಿ ಬನ್ನಿ: ಗ್ಯೊಂಗ್‌ಜುವಿನ ಪೂರ್ತಿ ದಿನದ ದೂರ ಅಷ್ಟೇ. ಶನಿವಾರ ಮತ್ತು ಹನುಮ ಜಯಂತಿಯ ಸುತ್ತಮುತ್ತ ಬೇಡ, ಅಂಜನಾದ್ರಿಗೆ ಬರುವ ವಾಹನಗಳ ಗದ್ದಲ. ಆ ಹತ್ತು ಕಿ.ಮೀ.ನಲ್ಲಿ ನೋಡಬೇಕಾದದ್ದು ವೇಗವಲ್ಲ. ಮನೆಯವರೆಲ್ಲ ಒಂದೇ ಸಾಲಿನಲ್ಲಿ ಹೋಗಬಲ್ಲಿರಾ, ಮಕ್ಕಳು ಒಂದು ಕೈ ಬಿಟ್ಟು ಹಿಂದೆ ನೋಡಿದಾಗ ಸೈಕಲ್ ವಾಲುತ್ತದೆಯೇ, ಎಷ್ಟು ಹೊತ್ತಿಗೆ ‘ಸಾಕು’ ಅನ್ನುತ್ತಾರೆ, ಇದಿಷ್ಟು. ಸಾಲಿನಲ್ಲಿ ಒಬ್ಬ ದೊಡ್ಡವರು ಮುಂದೆ, ಮಕ್ಕಳು ನಡುವೆ, ಇನ್ನೊಬ್ಬ ದೊಡ್ಡವರು ಕೊನೆಗೆ. ನಡುವೆ ಎರಡು ಸೈಕಲ್ ಉದ್ದದ ಅಂತರ.

ಬಲಬದಿಯ ಸಂಚಾರ ನೇರ ರಸ್ತೆಯಲ್ಲಿ ತೊಂದರೆ ಕೊಡುವುದಿಲ್ಲ. ಎಡವುವುದು ಮೂರು ಕಡೆ. ಖಾಲಿ ರಸ್ತೆಗೆ ಇಳಿದ ಮೊದಲ ಕ್ಷಣ ಕೈ ತಾನಾಗಿ ಎಡಕ್ಕೆ ಹೋಗುತ್ತದೆ. ದಾಟುವಾಗ ನಾವು ಮೊದಲು ಬಲಕ್ಕೆ ನೋಡುತ್ತೇವೆ, ಅಲ್ಲಿ ವಾಹನ ಬರುವುದು ಎಡದಿಂದ. ಇನ್ನೊಂದು, ವೃತ್ತದಲ್ಲಿ ಬಲಕ್ಕೆ ತಿರುಗುವ ಕಾರು ಬಸ್ಸುಗಳು ಬಲ ಅಂಚಿನಲ್ಲಿರುವ ನಿಮ್ಮನ್ನು ಕತ್ತರಿಸಿಕೊಂಡು ಹೋಗುತ್ತವೆ. ದೊಡ್ಡ ವಾಹನದ ಬಲಮಗ್ಗುಲಲ್ಲಿ ನಿಲ್ಲಬೇಡಿ.

ಕೊರಿಯಾದ ಕಾನೂನಿನಲ್ಲಿ ಸೈಕಲ್ ಕೂಡ ವಾಹನ. ಪಾದಚಾರಿ ಪಟ್ಟೆಯಲ್ಲಿ ಸವಾರಿ ಮಾಡುತ್ತ ದಾಟುವಂತಿಲ್ಲ, ಇಳಿದು ತಳ್ಳಬೇಕು. ಪಕ್ಕದಲ್ಲಿ ಸೈಕಲ್‌ಗೆಂದೇ ಪಟ್ಟೆ ಬರೆದಿದ್ದರೆ ಮಾತ್ರ ಓಡಿಸಬಹುದು. ವೃತ್ತದಲ್ಲಿ ಸೈಕಲ್ ನೇರವಾಗಿ ಎಡಕ್ಕೆ ತಿರುಗುವಂತಿಲ್ಲ. ಬಲ ಅಂಚಿನಲ್ಲೇ ಮುಂದೆ ದಾಟಿ, ನಿಂತು, ಮತ್ತೆ ಹಸಿರು ಬಿದ್ದಾಗ ಹೋಗಬೇಕು. ಮಕ್ಕಳಿದ್ದರೆ ಈ ಗೋಜೇ ಬೇಡ, ಇಳಿದು ಎರಡು ಸಲ ಪಟ್ಟೆ ದಾಟಿ. 13 ವರ್ಷದೊಳಗಿನವರು ಪಾದಚಾರಿ ದಾರಿಯಲ್ಲಿ ಸೈಕಲ್ ಓಡಿಸಬಹುದು. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ ಎಂಬ ನಿಯಮ 2018ರ ಸೆಪ್ಟೆಂಬರ್‌ನಿಂದ ಇದೆ. ದೊಡ್ಡವರಿಗೆ ದಂಡವಿಲ್ಲದ ಕಾರಣ ಅಲ್ಲಿನವರೇ ಹಾಕದೆ ಹೋಗುವುದು ಕಾಣುತ್ತದೆ. ನೀವು ಹಾಕಿ. ಮಕ್ಕಳ ಅಳತೆಯದು ಅಂಗಡಿಯಲ್ಲಿ ಸಿಗುವುದು ಖಾತ್ರಿಯಿಲ್ಲ, ಮನೆಯಿಂದಲೇ ಒಯ್ಯಿರಿ. ಕುಡಿದು ಸೈಕಲ್ ಓಡಿಸಿದರೆ 30,000 ವಾನ್ ದಂಡ.

ಹ್ವಾಂಗ್ನಿದಾನ್ ಎಂಬ ಅಂಗಡಿ ಬೀದಿಯಲ್ಲಿ ಮಾತ್ರ ಸೈಕಲ್ ಹತ್ತಲೇಬೇಡಿ. ಕಿರಿದಾದ ರಸ್ತೆ, ಫೋಟೊ ತೆಗೆಯುತ್ತ ಹಿಂದಕ್ಕೆ ಹೆಜ್ಜೆಯಿಡುವ ಜನ, ಅವರ ನಡುವೆಯೇ ನುಸುಳುವ ಕಾರುಗಳು. ತಳ್ಳಿಕೊಂಡು ಹೋಗುವುದೂ ಕಿರಿಕಿರಿಯೇ.

ಪ್ರಶ್ನೆ: ಬುಲ್‌ಗುಕ್‌ಸಾ, ಸೊಕ್‌ಗುರಾಮ್‌ಗೂ ಸೈಕಲ್‌ನಲ್ಲೇ ಹೋಗಬಹುದಲ್ಲವೇ? ನಕ್ಷೆಯಲ್ಲಿ 16 ಕಿ.ಮೀ. ಅಷ್ಟೇ ಕಾಣುತ್ತದೆ. – ಕೊಪ್ಪಳ

ನಕ್ಷೆ ಏರು ತೋರಿಸುವುದಿಲ್ಲ. ಬುಲ್‌ಗುಕ್‌ಸಾ ಇರುವುದು 745 ಮೀಟರ್ ಎತ್ತರದ ತೊಹಾಮ್ ಬೆಟ್ಟದ ಮಗ್ಗುಲಲ್ಲಿ. ಸೊಕ್‌ಗುರಾಮ್ ಗುಹಾಲಯ ಅದಕ್ಕೂ ಮೇಲೆ, ಸುರುಳಿ ರಸ್ತೆಯಲ್ಲಿ. ಹತ್ತುವುದಕ್ಕಿಂತ ಇಳಿಯುವುದು ಅಪಾಯ: ಬಾಡಿಗೆ ಸೈಕಲ್‌ನ ಸಾಧಾರಣ ಬ್ರೇಕು, ಬಸ್ಸುಗಳು ಬರುವ ತಿರುವು, ದಣಿದ ಮಕ್ಕಳು. ಎರಡನೇ ದಿನ 10 ಅಥವಾ 11ನೇ ನಂಬರಿನ ಸಿಟಿ ಬಸ್ಸು ಹಿಡಿಯಿರಿ. ಎರಡೂ ಒಂದೇ ಸುತ್ತನ್ನು ಎದುರುಬದಿರು ದಿಕ್ಕಿನಲ್ಲಿ ಹಾಕುತ್ತವೆ. ಬುಲ್‌ಗುಕ್‌ಸಾದಿಂದ ಮೇಲಕ್ಕೆ 12ನೇ ನಂಬರ್. ಎರಡೂ ಕಡೆ ಈಗ ಪ್ರವೇಶ ಉಚಿತ. 751ರಲ್ಲಿ ಕೆಲಸ ಆರಂಭವಾದ ಈ ಎರಡೂ ತಾಣ 1995ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಸೊಕ್‌ಗುರಾಮ್‌ನ ಬುದ್ಧನನ್ನು ಗಾಜಿನ ಆಚೆಯಿಂದ ನೋಡಬೇಕು, ಫೋಟೊ ತೆಗೆಯುವಂತಿಲ್ಲ.

ಸೈಕಲ್ ಆಸೆ ತೀರದಿದ್ದರೆ ಬೊಮುನ್ ಕೆರೆ ಇದೆ. ಊರಿನಿಂದ ಪೂರ್ವಕ್ಕೆ ಆರೇಳು ಕಿ.ಮೀ., ಬಾಡಿಗೆ ಸೈಕಲ್ ಅಲ್ಲೇ ಸಿಗುತ್ತದೆ, ದಡದ ಸುತ್ತು ಏಳೆಂಟು ಕಿ.ಮೀ.

ಪ್ರಶ್ನೆ: ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಸೈಕಲ್ ತುಳಿದು ಹಸಿದ ಮಕ್ಕಳಿಗೆ ಏನು ಕೊಡುವುದು? – ರಾಯಚೂರು

ಕಷ್ಟವಿದೆ, ಮುಚ್ಚಿಡುವುದಿಲ್ಲ. ‘ಗೋಗಿ’ ಎಂದರೆ ಮಾಂಸ. ಗೋಗಿ ಬೇಡ ಎಂದಷ್ಟೇ ಹೇಳಿದರೆ ಹ್ಯಾಮ್, ಮೀನಿನ ತುಣುಕು, ಮೊಟ್ಟೆ ಹಾಗೇ ಬರುತ್ತವೆ. ಅಲ್ಲಿನವರ ಲೆಕ್ಕದಲ್ಲಿ ಅವು ಬೇರೆ. ತರಕಾರಿ ಸಾರೂ ಒಣ ಮೀನು ಕುದಿಸಿದ ನೀರಿನಲ್ಲಿ ಆಗಿರುತ್ತದೆ. ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ಅಥವಾ ಸಿಗಡಿಯ ಉಪ್ಪುರಸ ಬಿದ್ದಿರುತ್ತದೆ. ಆದ್ದರಿಂದ ಮಾಂಸ, ಮೀನು, ಮೊಟ್ಟೆ, ಮೀನಿನ ಸಾರು ಯಾವುದೂ ಬೇಡ ಎಂಬ ನಾಲ್ಕು ಸಾಲನ್ನು ಕೊರಿಯನ್ ಲಿಪಿಯಲ್ಲಿ ಫೋನಿಗೆ ಹಾಕಿಕೊಂಡು ತೋರಿಸಿ. ಬಾಯಲ್ಲಿ ಹೇಳುವುದಾದರೆ ‘ಗೋಗಿ ಪ್ಪೇ ಜುಸೆಯೊ, ಗ್ಯೇರಾನ್ ಪ್ಪೇ ಜುಸೆಯೊ’: ಮಾಂಸ ಬಿಟ್ಟು ಕೊಡಿ, ಮೊಟ್ಟೆ ಬಿಟ್ಟು ಕೊಡಿ.

ಹೆಚ್ಚು ಸುರಕ್ಷಿತ ಬಿಬಿಂಬಾಪ್, ಅಂದರೆ ಅನ್ನದ ಮೇಲೆ ತರಕಾರಿ. ಅದರ ಕೆಂಪು ಖಾರದ ಮುದ್ದೆಯಲ್ಲೂ ಕೆಲವು ಕಡೆ ಕೊಚ್ಚಿದ ಮಾಂಸ ಬೆರೆಸಿರುತ್ತಾರೆ, ಕೇಳಿ. ಎಲೆಗಳಲ್ಲಿ ಅನ್ನ ಸುತ್ತಿ ತಿನ್ನುವ ಸ್ಸಾಮ್‌ಬಾಪ್ ಗ್ಯೊಂಗ್‌ಜುವಿನಲ್ಲಿ ಹೆಸರುವಾಸಿ, ಆದರೆ ಅದರ ಹತ್ತಾರು ಬಟ್ಟಲುಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಬೇರ್ಪಡಿಸುವಷ್ಟರಲ್ಲಿ ಹಸಿವೇ ಇಂಗಿರುತ್ತದೆ. ಬೇಸಿಗೆಯಲ್ಲಿ ತಣ್ಣನೆಯ ಸೋಯಾ ಹಾಲಿನ ಶಾವಿಗೆ, ಕೊಂಗ್‌ಗುಕ್‌ಸು, ಒಳ್ಳೆಯದು. ಮೇಲಿನ ಮೊಟ್ಟೆ ಬೇಡವೆನ್ನಿ. ಕೆಂಪು ಬೀನ್ಸ್ ಕಾಳಿನ ಹೂರಣದ ಹ್ವಾಂಗ್‌ನಾಮ್ ಬ್ರೆಡ್ 1939ರಿಂದ ಈ ಊರಿನ ಗುರುತು. ನಮ್ಮ ಹೋಳಿಗೆಯ ಹೂರಣ ಇಷ್ಟಪಡುವವರಿಗೆ ಹಿಡಿಸುತ್ತದೆ, ಆದರೆ ಕಣಕದಲ್ಲಿ ಮೊಟ್ಟೆ ಇದೆ. ಅಕ್ಕಿಯ ‘ತೊಕ್’ ಸಿಹಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮನೆಯಿಂದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ. ರೊಟ್ಟಿ ಗಟ್ಟಿ ಡಬ್ಬಿಯಲ್ಲಿರಲಿ, ಸೈಕಲ್ ಬುಟ್ಟಿಯ ಕುಲುಕಾಟಕ್ಕೆ ಚೀಲದಲ್ಲಿಟ್ಟದ್ದು ನುಚ್ಚಾಗುತ್ತದೆ. ಮೊಸರು ಕೊಳ್ಳುವಾಗ ಜಾಗ್ರತೆ: ಅಂಗಡಿಯದು ಹೆಚ್ಚಾಗಿ ಸಕ್ಕರೆ ಹಾಕಿದ್ದು, ‘ಪ್ಲೇನ್’ ಎಂದು ಬರೆದ ಡಬ್ಬಿಯಲ್ಲೂ ಸಕ್ಕರೆಯಿಲ್ಲವೆಂಬುದನ್ನು ಖಚಿತ ಮಾಡಿಕೊಳ್ಳಿ. ಮಾವಿನಹಣ್ಣು ಮುಂತಾದ ತಾಜಾ ಹಣ್ಣು ಒಯ್ಯಲೇಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಪ್ರಶ್ನೆ: ಆ ಹಸಿರು ದಿಬ್ಬಗಳ ಒಳಗೆ ಏನಿದೆ? ಮಕ್ಕಳು ಹತ್ತಿ ಜಾರಬಹುದೇ? – ಮಸ್ಕಿ

ಹತ್ತುವುದು ಅಪರಾಧ. ಹುಲ್ಲುಹಾಸು ನೋಡಿದರೆ ಜಾರುಬಂಡೆಯ ಆಸೆಯಾಗುತ್ತದೆ ನಿಜ, ಆದರೆ ಅದು ರಾಜರ ಸಮಾಧಿ. ಮಕ್ಕಳಿಗೆ ಸೈಕಲ್ ಇಳಿಯುವ ಮೊದಲೇ ಹೇಳಿಡಿ.

ಒಳಗಿನ ರಚನೆ ಹೀಗಿದೆ: ಮರದ ಕೋಣೆ, ಅದರೊಳಗೆ ಶವಪೆಟ್ಟಿಗೆ ಮತ್ತು ಒಡವೆ ವಸ್ತು; ಕೋಣೆಯ ಮೇಲೆ ಹೊಳೆಗಲ್ಲುಗಳ ದೊಡ್ಡ ರಾಶಿ; ಅದರ ಮೇಲೆ ಮಣ್ಣು. ಮರ ಕೊಳೆತಾಗ ಕಲ್ಲುಗಳು ಕುಸಿದು ಎಲ್ಲವನ್ನೂ ಮುಚ್ಚುತ್ತವೆ. ಮೂಲ ರಚನೆಯಲ್ಲಿ ಬಾಗಿಲೂ ಇಲ್ಲ, ಸುರಂಗವೂ ಇಲ್ಲ. ಕಳ್ಳ ಒಂದು ಕಲ್ಲು ತೆಗೆದರೆ ಹತ್ತು ಕಲ್ಲು ಜಾರುತ್ತವೆ. ಒಂದೂವರೆ ಸಾವಿರ ವರ್ಷ ಚಿನ್ನ ಉಳಿದದ್ದು ಕಾವಲಿನಿಂದಲ್ಲ, ಈ ಕಟ್ಟಡದ ಬಗೆಯಿಂದ. 1973ರಲ್ಲಿ ಅಗೆದ ಚೊನ್‌ಮಾಚೊಂಗ್ 47 ಮೀಟರ್ ಅಗಲ, 12.7 ಮೀಟರ್ ಎತ್ತರ. ಚಿನ್ನದ ಕಿರೀಟ ಮತ್ತು ಬರ್ಚ್ ತೊಗಟೆಯ ಮೇಲೆ ಬರೆದ ಹಾರುವ ಕುದುರೆಯ ಚಿತ್ರ ಸಿಕ್ಕದ್ದು ಇಲ್ಲೇ, ಹೆಸರು ಬಂದದ್ದೂ ಅದರಿಂದಲೇ. ಪಕ್ಕದ ಜೋಡಿ ದಿಬ್ಬ ಹ್ವಾಂಗ್‌ನಾಮ್‌ದೇಚೊಂಗ್ ಉದ್ದಕ್ಕೆ 120 ಮೀಟರ್.

ಮಕ್ಕಳಿಗೆ ಹೋಲಿಸಿ ತೋರಿಸಬೇಕೆಂದರೆ ಹೋಗುವ ಮೊದಲು ಗಂಗಾವತಿ ಹತ್ತಿರದ ಹಿರೇಬೆಣಕಲ್ ಮೋರೇರ ಬೆಟ್ಟಕ್ಕೆ ಕರೆದೊಯ್ಯಿರಿ. ಅಲ್ಲಿಯ ಚಪ್ಪಡಿಗಲ್ಲಿನ ಸಮಾಧಿಗಳು ಸಿಲ್ಲಾ ದಿಬ್ಬಗಳಿಗಿಂತ ಬಹಳ ಹಳೆಯವು. ಅಂಥ ಚಪ್ಪಡಿ ಸಮಾಧಿಗಳು ಕೊರಿಯಾದಲ್ಲೂ ಇವೆ. ಗೊಚಾಂಗ್, ಹ್ವಾಸುನ್, ಗಾಂಗ್‌ಹ್ವಾದವು 2000ದಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದವು. ಗ್ಯೊಂಗ್‌ಜುವಿನ ಹಳೆಯ ನಗರ ಪಟ್ಟಿ ಸೇರಿದ್ದೂ ಅದೇ ವರ್ಷ.

ಪ್ರಶ್ನೆ: ಅಯೋಧ್ಯೆಯಿಂದ ಹೋದ ರಾಣಿಯ ಸಮಾಧಿ ಗ್ಯೊಂಗ್‌ಜುವಿನಲ್ಲಿದೆಯೇ? – ಕುಷ್ಟಗಿ

ಇಲ್ಲ. ಆ ಐತಿಹ್ಯದ ರಾಣಿ ಹೊ ಹ್ವಾಂಗ್-ಒಕ್ ಕೊರಿಯಾದ ಹಳೆಯ ಗಾಯಾ ರಾಜ್ಯದವಳು, ಸಮಾಧಿ ಬುಸಾನ್ ಪಕ್ಕದ ಗಿಮ್‌ಹೇ ಊರಿನಲ್ಲಿ. ಬುಸಾನ್–ಗಿಮ್‌ಹೇ ಲಘು ರೈಲಿನಲ್ಲಿ ಹೋಗಬಹುದು. ಗ್ಯೊಂಗ್‌ಜುವಿನ ಸಿಲ್ಲಾಕ್ಕೂ ಭಾರತಕ್ಕೂ ದಾಖಲೆಯಿರುವ ನಂಟು ಬೇಕೆಂದರೆ ಭಿಕ್ಷು ಹೇಚೊ ಇದ್ದಾನೆ. ಎಂಟನೇ ಶತಮಾನದ 20ರ ದಶಕದಲ್ಲಿ ಭಾರತ ಸುತ್ತಿ ಬರೆದಿಟ್ಟವನು. ಆಗ ನಮ್ಮ ಈ ಸೀಮೆಯನ್ನು ಆಳುತ್ತಿದ್ದವರು ಬಾದಾಮಿ ಚಾಲುಕ್ಯರು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? – ಸಂಡೂರು

ದಸರಾ ರಜೆ. ಅಕ್ಟೋಬರಿನಲ್ಲಿ ಆಕಾಶ ಶುಭ್ರ, ಚೊಮ್‌ಸೊಂಗ್‌ದೇ ಬಯಲಲ್ಲಿ ಗುಲಾಬಿ ಬಣ್ಣದ ಹುಲ್ಲು. ಚುಸೊಕ್ ಹಬ್ಬದ ದಿನಗಳನ್ನು ಮಾತ್ರ ತಪ್ಪಿಸಿ: ಬಸ್ಸು ರೈಲು ತುಂಬಿರುತ್ತವೆ, ಊಟದ ಮನೆಗಳು ಮುಚ್ಚಿರುತ್ತವೆ, ಹಬ್ಬದ ದಿನ ವಸ್ತುಸಂಗ್ರಹಾಲಯವೂ ಇಲ್ಲ. ಬೇಸಿಗೆ ರಜೆಯಾದರೆ ಏಪ್ರಿಲ್ ನಡುವಿನಿಂದ ಮೇ ಕೊನೆ. ಏಪ್ರಿಲ್ ಆರಂಭದ ಚೆರಿ ಹೂವಿನ ವಾರ ಸುಂದರ, ಸೈಕಲ್‌ಗೆ ಮಾತ್ರ ಅಲ್ಲ, ಜನವೋ ಜನ. ನಲವತ್ತು ಡಿಗ್ರಿಯ ಊರಿಂದ ಹೋಗುವ ಮಕ್ಕಳಿಗೆ ಏಪ್ರಿಲ್ ಬೆಳಗಿನ ಗಾಳಿಯೂ ಚಳಿ, ಸೈಕಲ್ ಮೇಲೆ ಇನ್ನಷ್ಟು. ಗಾಳಿ ತಡೆಯುವ ತೆಳು ಜಾಕೆಟ್ ಇರಲಿ. ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಮಳೆಗಾಲ.

ಪ್ರಶ್ನೆ: ದಾರಿಯಲ್ಲಿ ಪಂಚರ್, ಮಳೆ, ದಾರಿ ತಪ್ಪುವುದು ಇದಕ್ಕೆಲ್ಲ ಏನು ಮಾಡಬೇಕು? – ಸಿರುಗುಪ್ಪ

ಪಂಚರ್ ಆದ ಸೈಕಲ್ ಮೇಲೆ ಕೂತು ತುಳಿಯಬೇಡಿ, ರಿಮ್ಮು ಕೆಟ್ಟರೆ ಹಣ ಕೇಳುತ್ತಾರೆ. ಇಳಿದು ಅಂಗಡಿಗೆ ಫೋನ್ ಮಾಡಿ. ಅವರ ಕಾರ್ಡನ್ನು ಬೆಳಿಗ್ಗೆಯೇ ತೆಗೆದುಕೊಂಡಿರಿ. ಭಾಷೆ ಬರದಿದ್ದರೆ 1330ಕ್ಕೆ ಕರೆ ಮಾಡಿದರೆ ಇಂಗ್ಲಿಷ್ ಬಲ್ಲವರು ನಡುವೆ ನಿಂತು ಮಾತಾಡಿಸುತ್ತಾರೆ, ಪ್ರವಾಸಿಗರಿಗೆಂದೇ ಇರುವ ಸಂಖ್ಯೆ ಅದು. ಪೆಟ್ಟಾದರೆ 119, ಪೊಲೀಸರಿಗೆ 112.

ದಾರಿಗೆ ಗೂಗಲ್ ನಕ್ಷೆಯನ್ನು ನಂಬಿಕೊಳ್ಳಬೇಡಿ. ನೇವರ್ ಅಥವಾ ಕಕಾವೊ ನಕ್ಷೆ ಹಾಕಿಕೊಳ್ಳಿ, ಎರಡರಲ್ಲೂ ಸೈಕಲ್ ದಾರಿ ಬೇರೆ ತೋರಿಸುತ್ತದೆ. ಮಳೆ ಬಿದ್ದರೆ ಜಾರುವುದು ಡಾಂಬರಲ್ಲ, ಅದರ ಮೇಲಿನ ಬಿಳಿ ಬಣ್ಣದ ಪಟ್ಟೆ ಮತ್ತು ಚರಂಡಿಯ ಕಬ್ಬಿಣದ ಮುಚ್ಚಳ. ಅವುಗಳ ಮೇಲೆ ತಿರುಗಲೂ ಬೇಡಿ, ಬ್ರೇಕ್ ಹಿಡಿಯಲೂ ಬೇಡಿ. ಬೀಗ ಹಾಕುವಾಗ ಚಕ್ರಕ್ಕಷ್ಟೇ ಅಲ್ಲ, ಚೌಕಟ್ಟಿಗೂ ಸೇರಿಸಿ. ಒಂದೇ ಬಣ್ಣದ ಬಾಡಿಗೆ ಸೈಕಲ್‌ಗಳ ಸಾಲಿನಲ್ಲಿ ನಿಮ್ಮದು ಯಾವುದೆಂದು ತಿಳಿಯಲು ಅದರ ನಂಬರಿನ ಫೋಟೊ ಇರಲಿ. ಬೇರೆಯವರ ಸೈಕಲ್ ಬೀಗದ ಜೊತೆ ಗುದ್ದಾಡುವುದು ಅಲ್ಲಿ ದಿನನಿತ್ಯದ ನೋಟ.

ಪ್ರಶ್ನೆ: ಅತ್ತೆಗೆ 68 ವರ್ಷ, ಮೊಣಕಾಲು ನೋವು. ಅವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. – ಬಳ್ಳಾರಿ

ಬಿಡಬೇಕಾಗಿಲ್ಲ. ದೇರುಂಗ್‌ವೊನ್ ಒಳಗಿನ ದಾರಿ ಸಮತಟ್ಟು, ನಡುನಡುವೆ ಬೆಂಚುಗಳಿವೆ. ಅಲ್ಲಿಯವರೆಗೆ ಎಲ್ಲರೂ ಜೊತೆಗೇ ಇರಿ. ಆಮೇಲೆ ಚೊಮ್‌ಸೊಂಗ್‌ದೇ ಹತ್ತಿರದಿಂದ ಹೊರಡುವ, ಹೊಳೆಯುವ ಜೀರುಂಡೆಯ ಆಕಾರದ ವಿದ್ಯುತ್ ಬಂಡಿಯಲ್ಲಿ ಅವರನ್ನು ಒಬ್ಬರ ಜೊತೆ ಕೂರಿಸಿ. ಸುತ್ತಮುತ್ತಲಿನ ಸ್ಥಳಗಳನ್ನು ನಿಧಾನವಾಗಿ ಸುತ್ತಿಸಿ ತರುತ್ತದೆ. ಜೀರುಂಡೆ ಏಕೆಂದರೆ, ಆ ಹುಳದ ಹಸಿರು ರೆಕ್ಕೆಗಳಿಂದ ಅಲಂಕರಿಸಿದ ಕುದುರೆ ಜೀನಿನ ಭಾಗಗಳು ಹ್ವಾಂಗ್‌ನಾಮ್‌ದೇಚೊಂಗ್ ಗೋರಿಯಲ್ಲಿ ಸಿಕ್ಕಿವೆ. ಟಿಕೆಟ್ ರಜಾದಿನಗಳಲ್ಲಿ ಬೇಗ ಮುಗಿಯುತ್ತದೆ, ಬೆಳಿಗ್ಗೆಯೇ ಮಧ್ಯಾಹ್ನದ ಸರದಿಗೆ ಕೇಳಿ ನೋಡಿ.

ವಿದ್ಯುತ್ ಸೈಕಲ್ ಕೊಡಿಸುವ ಯೋಚನೆ ಬೇಡ. ತುಳಿಯಲು ಸಹಾಯವಾಗುತ್ತದೆ ನಿಜ, ಆದರೆ ಹತ್ತಿ ಇಳಿಯುವಾಗ ಅದರ ತೂಕವೆಲ್ಲ ಮೊಣಕಾಲಿನ ಮೇಲೇ ಬೀಳುತ್ತದೆ. ಮೂರು ಚಕ್ರದ ಸೈಕಲ್ ಸಿಕ್ಕರೆ ಬಯಲಿನ ಸಮತಟ್ಟು ದಾರಿಯಲ್ಲಿ ಮಾತ್ರ ಓಡಿಸಲಿ. ವೇಗದಲ್ಲಿ ತಿರುಗಿಸಿದರೆ ಅದು ಎರಡು ಚಕ್ರದ್ದಕ್ಕಿಂತ ಬೇಗ ಮಗುಚುತ್ತದೆ, ಏಕೆಂದರೆ ಸವಾರ ಅದನ್ನು ಒಳಕ್ಕೆ ವಾಲಿಸಲು ಬರುವುದಿಲ್ಲ. ಗ್ಯೊಚೊನ್‌ನಲ್ಲಿ ಊಟಕ್ಕೆ ಎಲ್ಲರೂ ಸೇರಿ. ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಅವರಿಗೆ ಟ್ಯಾಕ್ಸಿ. ದೂರ ಕಡಿಮೆ, ಬಾಡಿಗೆಯೂ ಹೊರೆಯಲ್ಲ. ಗಾಲಿಕುರ್ಚಿ ಬೇಕಿದ್ದರೆ ಸಂಗ್ರಹಾಲಯದ ಬಾಗಿಲಲ್ಲೇ ವಿಚಾರಿಸಿ.